ಸೊಸೈಟಿಯ ದಂಡದ ಬಿಲ್ಲು ಬಂದಾಗ

ಅಂಗಡಿಗೆ ಬಂದ ಮಾಲಿನ ಬಿಲ್ಲನ್ನು ನಾವು ಮೂರು ಸಲ ತಿರುವಿ ನೋಡುತ್ತೇವೆ. ದರ ಸರಿಯಿದೆಯೇ, ನಗ ಸರಿಯಿದೆಯೇ, ಹಮಾಲಿ ಎಷ್ಟು ಹಚ್ಚಿದ್ದಾರೆ, ಬಡ್ಡಿ ಯಾವ ತಾರೀಖಿನಿಂದ ಹಿಡಿದಿದ್ದಾರೆ ಎಂದು ಕೇಳದೆ ಒಂದು ಪೈಸೆ ಕೊಡುವವರಲ್ಲ. ಆದರೆ ಅದೇ ನಾವು, ಇರುವ ಮನೆಯ ಹೌಸಿಂಗ್ ಸೊಸೈಟಿಯಿಂದ ದಂಡದ ಬಿಲ್ಲು ಬಂದಾಗ ಎರಡರಲ್ಲಿ ಒಂದನ್ನು ಮಾಡುತ್ತೇವೆ. ಒಂದೋ, 'ನೆರೆಹೊರೆಯವರ ಜೊತೆ ಜಗಳ ಯಾಕೆ' ಎಂದು ಸುಮ್ಮನೆ ಕಟ್ಟಿಬಿಡುತ್ತೇವೆ. ಇಲ್ಲವೇ, ಸಿಟ್ಟಿನಿಂದ ಬಿಲ್ಲನ್ನು ಹರಿದು ಮೂಲೆಗೆ ಎಸೆಯುತ್ತೇವೆ. ಎರಡೂ ತಪ್ಪು. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಸೋಲಾಪುರದ ನಮ್ಮ ಮನೆಯಲ್ಲೇ ಕಲಿತೆವು.

ನಮ್ಮದು ಚಾದರ ಮತ್ತು ಟವೆಲ್ ವ್ಯಾಪಾರ. ಹಳೆಯ ವಾಡೆ ಬಿಟ್ಟು ಅಣ್ಣತಮ್ಮಂದಿರು ಒಂದೇ ಸೊಸೈಟಿಯಲ್ಲಿ ಎರಡು ಫ್ಲ್ಯಾಟು ತೆಗೆದುಕೊಂಡು ಅನೇಕ ವರ್ಷಗಳಾದವು. 2018ರ ಮಳೆಗಾಲದಲ್ಲಿ ನಮ್ಮ ಗೋದಾಮಿನ ಪತ್ರೆ ಸೋರಲು ಪ್ರಾರಂಭಿಸಿತು. ಮಾಲು ನೆನೆಯಬಾರದೆಂದು ಹತ್ತು ಗಂಟುಗಳನ್ನು ತಂದು ಸೊಸೈಟಿಯ ಜಿನೆಯ ಕೆಳಗೆ ಒಟ್ಟಿದೆವು. 'ಎಂಟು ದಿನದ ಮಾತು' ಎಂದು ವಾಚಮನ್‌ನಿಗೆ ಹೇಳಿದೆವು. ಎಂಟು ದಿನ ಒಂಬತ್ತು ತಿಂಗಳಾಯಿತು. ಒಂದು ಗಂಟು ಹೋದರೆ ಅದರ ಜಾಗದಲ್ಲಿ ಇನ್ನೊಂದು ಬರುತ್ತಿತ್ತು. ಸೆಕ್ರೆಟರಿಯವರು ಎದುರು ಸಿಕ್ಕಾಗ ಎರಡು ಮೂರು ಸಲ ಹೇಳಿದ್ದುಂಟು. ನಾವು ನಕ್ಕು ಮುಂದೆ ಹೋದದ್ದೂ ಉಂಟು.

2019ರ ಏಪ್ರಿಲ್ ತಿಂಗಳಲ್ಲಿ ಬಿಲ್ಲು ಬಂತು. ಪ್ರತಿ ತಿಂಗಳ ಮೇಂಟೆನನ್ಸ್ 1,500 ರೂ.ಗಳ ಕೆಳಗೆ ಮರಾಠಿಯಲ್ಲಿ ಮೂರು ಸಾಲು ಹೆಚ್ಚಾಗಿದ್ದವು. ಜುಲೈಯಿಂದ ಮಾರ್ಚ್‌ವರೆಗೆ ಸಾಮಾನು ಇಟ್ಟ ದಂಡ ತಿಂಗಳಿಗೆ 1,000 ರೂ.ಗಳಂತೆ 9,000 ರೂ. ನಮ್ಮ ಎರಡನೆಯ ಫ್ಲ್ಯಾಟಿಗೆ 'ಬಿನ್‌ಭೋಗವಟಾ ಶುಲ್ಕ' ತಿಂಗಳಿಗೆ 600 ರೂ.ಗಳಂತೆ 5,400 ರೂ. ಇವೆರಡರ ಮೇಲೆ ತಿಂಗಳಿಗೆ ಶೇ. 3ರಂತೆ ಚಕ್ರಬಡ್ಡಿ 1,855 ರೂ. ಒಟ್ಟು 16,255 ರೂ.

ಮನೆಯ ಹಿರಿಯರಿಗೆ ಮರಾಠಿ ಮಾತು ಬರುತ್ತದೆ, ಓದಲು ಕಷ್ಟ. ಅವರ ಖಾತೆವಹಿ ಇಂದಿಗೂ ಕನ್ನಡದಲ್ಲೇ. ಅಂಕಿ ಮಾತ್ರ ಅವರ ಕಣ್ಣಿಗೆ ಬಿತ್ತು. 'ನಲವತ್ತು ವರ್ಷ ಈ ಊರಲ್ಲಿ ವ್ಯಾಪಾರ ಮಾಡಿದೆ, ಯಾರೂ ನನಗೆ ದಂಡ ಹಾಕಿರಲಿಲ್ಲ' ಎಂದು ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ನೋವು ನೋಡಿ ನಮಗೂ ಸಿಟ್ಟು ಬಂತು. 'ಒಂದು ರೂಪಾಯಿಯನ್ನೂ ಕೊಡುವುದಿಲ್ಲ' ಎಂದು ಏಪ್ರಿಲ್, ಮೇ, ಜೂನ್ ಮೂರು ತಿಂಗಳ ಮೇಂಟೆನನ್ಸನ್ನೂ ನಿಲ್ಲಿಸಿಬಿಟ್ಟೆವು. ಇದು ನಾವು ಮಾಡಿದ ದೊಡ್ಡ ತಪ್ಪು. ಅದರ ವಿಚಾರ ಮುಂದೆ ಹೇಳುತ್ತೇವೆ.

ಸೊಸೆ ತೆರೆದ ಪುಸ್ತಕ

ಕಡೆಗೆ ದಾರಿ ತೋರಿಸಿದವಳು ನಮ್ಮ ಕಿರಿಯ ಸೊಸೆ. ಅಕ್ಕಲಕೋಟದ ಹುಡುಗಿ, ಮರಾಠಿ ಶಾಲೆಯಲ್ಲಿ ಕಲಿತು ಬಿ.ಕಾಂ. ಮುಗಿಸಿದವಳು. 'ಮಾವನವರೇ, ದಂಡ ಹಾಕಿದ್ದು ಸರಿಯೋ ತಪ್ಪೋ ಆಮೇಲೆ ನೋಡೋಣ. ಯಾವ ನಿಯಮದ ಪ್ರಕಾರ ಹಾಕಿದ್ದಾರೆ ಅನ್ನುವುದನ್ನು ಮೊದಲು ಕೇಳೋಣ' ಎಂದಳು. ಫ್ಲ್ಯಾಟಿನ ಕಾಗದಪತ್ರಗಳ ಚೀಲದಲ್ಲಿ ಸೊಸೈಟಿಯ ಉಪವಿಧಿಗಳ ಪುಸ್ತಕ ಇತ್ತು. ಕೊಂಡ ದಿನ ಒಳಗಿಟ್ಟದ್ದು, ಯಾರೂ ತೆರೆದಿರಲಿಲ್ಲ. ಓದುಗರ ಮನೆಯಲ್ಲೂ ಅದು ಹಾಗೆಯೇ ಬಿದ್ದಿರಬಹುದು. ಇಂದೇ ಹೊರಗೆ ತೆಗೆಯಿರಿ.

ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳು 1960ರ ಸಹಕಾರಿ ಸಂಘಗಳ ಕಾಯ್ದೆಗೆ ಒಳಪಟ್ಟವು. 2019ರಲ್ಲಿ ಈ ಕಾಯ್ದೆಗೆ ಗೃಹನಿರ್ಮಾಣ ಸಂಘಗಳಿಗೆಂದೇ ಒಂದು ಪ್ರತ್ಯೇಕ ಅಧ್ಯಾಯ ಸೇರಿತು. ಸರ್ಕಾರ ತಯಾರಿಸಿದ ಮಾದರಿ ಉಪವಿಧಿಗಳನ್ನು ಸೊಸೈಟಿಗಳು ಸ್ವೀಕರಿಸಿ ನೋಂದಾಯಿಸಿಕೊಳ್ಳುತ್ತವೆ. ನಮ್ಮ ಸೊಸೈಟಿ ಒಪ್ಪಿಕೊಂಡದ್ದು 2014ರ ಮಾದರಿ. ಇವು ಚೇರಮನ್ನರ ಮಾತಲ್ಲ, ಸೆಕ್ರೆಟರಿಯ ಮರ್ಜಿಯೂ ಅಲ್ಲ. ಸೊಸೈಟಿಗೂ ಸದಸ್ಯನಿಗೂ ನಡುವೆ ಇರುವ ಕರಾರು. ಅದು ನಮ್ಮನ್ನು ಕಟ್ಟಿಹಾಕುವಷ್ಟೇ ಅವರನ್ನೂ ಕಟ್ಟಿಹಾಕುತ್ತದೆ.

ಬಿಲ್ಲನ್ನು ಓದುವ ಬಗೆ

ಸೊಸೆ ಬಿಲ್ಲನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ನೋಡಿದಳು. ಅವಳು ನೋಡಿದ ಕ್ರಮದಲ್ಲೇ ಇಲ್ಲಿ ಹೇಳುತ್ತೇವೆ.

ಮೊದಲನೆಯದು ದಂಡ. ಉಪವಿಧಿಯನ್ನು ಮುರಿದ ಸದಸ್ಯನಿಗೆ ದಂಡ ಹಾಕುವ ಅಧಿಕಾರ ಸೊಸೈಟಿಗೆ ನಿಶ್ಚಯವಾಗಿ ಇದೆ. ಆದರೆ ಅದು ಕಾರ್ಯಕಾರಿ ಸಮಿತಿಯ ಅಧಿಕಾರವಲ್ಲ, ಸರ್ವಸಾಧಾರಣ ಸಭೆಯ ಅಧಿಕಾರ. 2014ರ ಮಾದರಿಯ 165ನೆಯ ಉಪವಿಧಿಯಲ್ಲಿ ಇದರ ಕ್ರಮ ಇದೆ. ಮೊದಲು ಸೆಕ್ರೆಟರಿಯವರು ಸಮಿತಿಯ ಸೂಚನೆಯಂತೆ ತಪ್ಪನ್ನು ಸದಸ್ಯನ ಗಮನಕ್ಕೆ ತರಬೇಕು. ಆಮೇಲೂ ತಪ್ಪು ಮುಂದುವರಿದರೆ, ದಂಡ ಏಕೆ ಹಾಕಬಾರದು ಎಂದು ಕಾರಣ ಕೇಳುವ ನೋಟೀಸು ಕೊಡಬೇಕು. ನಮ್ಮ ಕಡೆ ಇದನ್ನೇ 'ಕಾರಣೆ ದಾಖವಾ ನೋಟೀಸು' ಎನ್ನುತ್ತಾರೆ. ನಂತರ ಸರ್ವಸಾಧಾರಣ ಸಭೆಯಲ್ಲಿ ಆ ಸದಸ್ಯನ ಮಾತನ್ನು ಕೇಳಬೇಕು. ಕೇಳಿದ ಮೇಲೆಯೇ ಸಭೆ ದಂಡ ನಿರ್ಧರಿಸಬಹುದು. ಅದೂ ಒಂದು ಆರ್ಥಿಕ ವರ್ಷದಲ್ಲಿ ಗರಿಷ್ಠ 5,000 ರೂ.ಗಳನ್ನು ಮೀರುವಂತಿಲ್ಲ. ನಮ್ಮ ಒಂಬತ್ತೂ ತಿಂಗಳು ಒಂದೇ ಆರ್ಥಿಕ ವರ್ಷದವು. ನೋಟೀಸು ಬಂದಿರಲಿಲ್ಲ, ಸಭೆಗೆ ಕರೆದಿರಲಿಲ್ಲ, ಮೊತ್ತವೂ ಮಿತಿ ಮೀರಿತ್ತು.

ಎರಡನೆಯದು ಬಿನ್‌ಭೋಗವಟಾ ಶುಲ್ಕ. ಸದಸ್ಯನು ತಾನು ಇರದೆ ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಾಗ ಸೊಸೈಟಿ ತೆಗೆದುಕೊಳ್ಳುವ ಶುಲ್ಕ ಇದು. ಹಿಂದೆ ಸೊಸೈಟಿಗಳು ಮನಬಂದಂತೆ ವಸೂಲಿ ಮಾಡುತ್ತಿದ್ದವು. 2001ರ ಆಗಸ್ಟ್ 1ರಂದು ಮಹಾರಾಷ್ಟ್ರ ಸರ್ಕಾರ ಇದಕ್ಕೆ ಮಿತಿ ಹಾಕಿತು. ಮಹಾನಗರಪಾಲಿಕೆಯ ತೆರಿಗೆ ಬಿಟ್ಟು, ಸೇವಾ ಶುಲ್ಕದ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯವೂ ಈ ಮಿತಿಯನ್ನು ಎತ್ತಿಹಿಡಿಯಿತು. ನಮ್ಮ ಮೇಂಟೆನನ್ಸಿನಲ್ಲಿ ಸೇವಾ ಶುಲ್ಕ 1,100 ರೂ. ಅದರ ಶೇ. 10 ಎಂದರೆ 110 ರೂ. ಬಿಲ್ಲಿನಲ್ಲಿ ಇದ್ದದ್ದು 600. ಅದಕ್ಕಿಂತ ಮುಖ್ಯ ಸಂಗತಿ, ಆ ಫ್ಲ್ಯಾಟಿನಲ್ಲಿ ಇದ್ದವಳು ಬಾಡಿಗೆದಾರಳಲ್ಲ, ಅಣ್ಣನ ಮದುವೆಯಾದ ಮಗಳು. ತಂದೆತಾಯಿ, ಮಕ್ಕಳು, ಮದುವೆಯಾದ ಮಗಳು, ಮೊಮ್ಮಕ್ಕಳು ಇದ್ದರೆ ಈ ಶುಲ್ಕವೇ ಬರುವುದಿಲ್ಲ. ಕೂಡು ವ್ಯವಹಾರದ ನಮ್ಮ ಮನೆಗಳಲ್ಲಿ ಒಬ್ಬರ ಹೆಸರಿನ ಫ್ಲ್ಯಾಟಿನಲ್ಲಿ ಮಕ್ಕಳು ಮರಿಗಳು ಇರುವುದು ಸಾಮಾನ್ಯ. ಈ ಮಾತನ್ನು ಎಲ್ಲರೂ ನೆನಪಿಡಬೇಕು.

ಮೂರನೆಯದು ಬಡ್ಡಿ. ಬಾಕಿಯ ಮೇಲೆ ವರ್ಷಕ್ಕೆ ಶೇ. 21ರವರೆಗೆ, ಸರ್ವಸಾಧಾರಣ ಸಭೆ ಗೊತ್ತುಮಾಡಿದ ದರದಲ್ಲಿ, ಸರಳ ಬಡ್ಡಿ ಎಂದು 2014ರ ಮಾದರಿ ಹೇಳುತ್ತದೆ. ಚಕ್ರಬಡ್ಡಿಗೆ ಅವಕಾಶವಿಲ್ಲ. ತಿಂಗಳಿಗೆ ಶೇ. 3 ಎಂದರೆ ವರ್ಷಕ್ಕೆ ಶೇ. 36 ಆಯಿತು. ಉದಾಹರಣೆಗೆ 6,000 ರೂ. ನಾಲ್ಕು ತಿಂಗಳು ತಡವಾದರೆ ಶೇ. 21ರ ಸರಳ ಬಡ್ಡಿ 420 ರೂ. ಅದೇ ತಿಂಗಳಿಗೆ ಶೇ. 3ರ ಚಕ್ರಬಡ್ಡಿಯಾದರೆ 753 ರೂ. ವ್ಯತ್ಯಾಸ ಎಷ್ಟೆಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಾಯಿಂದ ಅಲ್ಲ, ಕಾಗದದಿಂದ

ಇಷ್ಟು ತಿಳಿದ ಮೇಲೆ ನಮ್ಮಲ್ಲಿ ಕೆಲವರಿಗೆ ಅಂದೇ ರಾತ್ರಿ ಸೆಕ್ರೆಟರಿಯವರ ಮನೆಗೆ ಹೋಗಿ ನಾಲ್ಕು ಮಾತು ಕೇಳಬೇಕೆನಿಸಿತು. ಸೊಸೆ ಬೇಡವೆಂದಳು. ಜಿನೆಯಲ್ಲಿ ನಿಂತು ಆಡಿದ ಮಾತಿಗೆ ಸಾಕ್ಷಿ ಇಲ್ಲ, ಮರ್ಯಾದೆಯೂ ಇಲ್ಲ. ಕಾಗದಕ್ಕೆ ಎರಡೂ ಉಂಟು.

ಮೊದಲು ಒಂದು ಅರ್ಜಿ ಕೊಟ್ಟು, ದಂಡ ಹಾಕಿದ ಠರಾವಿನ ನಕಲು ಕೇಳಿದೆವು. ಸೊಸೈಟಿಯ ದಾಖಲೆಗಳ ನಕಲನ್ನು ಶುಲ್ಕ ತುಂಬಿ ಪಡೆಯುವ ಹಕ್ಕು ಸದಸ್ಯನಿಗೆ ಉಂಟು. ನಕಲು ಬಂದಾಗ ಸಂಗತಿ ಸ್ಪಷ್ಟವಾಯಿತು. ಠರಾವು ಇದ್ದದ್ದು ಸಮಿತಿಯ ಸಭೆಯದು. ಸರ್ವಸಾಧಾರಣ ಸಭೆಯಲ್ಲಿ ಈ ವಿಷಯ ಬಂದೇ ಇರಲಿಲ್ಲ.

ಜುಲೈ ತಿಂಗಳಲ್ಲಿ ಎರಡನೆಯ ಕಾಗದ ಬರೆದೆವು. ಒಂದೇ ಪುಟ. ಬಿಲ್ಲಿನ ತಾರೀಖು, ತಕರಾರಿರುವ ಮೂರು ಸಾಲು, ಪ್ರತಿಯೊಂದಕ್ಕೂ ಉಪವಿಧಿಯ ಆಧಾರ, ಮಗಳು ಅಲ್ಲಿ ವಾಸವಿರುವುದಕ್ಕೆ ರೇಷನ್ ಕಾರ್ಡಿನ ನಕಲು, ಕೊನೆಯಲ್ಲಿ ನಮ್ಮ ಬೇಡಿಕೆ. ಯಾರ ಮೇಲೂ ಆರೋಪ ಮಾಡಲಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೊಸೈಟಿಯ ಶಿಕ್ಕೆ ಮತ್ತು ತಾರೀಖು ಹಾಕಿಸಿಕೊಂಡು ಪೋಚು ಇಟ್ಟುಕೊಂಡೆವು. ಪೋಚು ಕೊಡಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬಹುದು.

ಅದೇ ಕಾಗದದ ಜೊತೆ ನಿಲ್ಲಿಸಿದ್ದ ಮೂರು ತಿಂಗಳ ಮೇಂಟೆನನ್ಸ್ 4,500 ರೂ.ಗಳ ಚೆಕ್ಕನ್ನೂ, ಅದರ ಮೇಲೆ ಶೇ. 21ರಂತೆ ನಾವೇ ಲೆಕ್ಕ ಹಾಕಿದ ಬಡ್ಡಿ 157 ರೂ. 50 ಪೈಸೆಯನ್ನೂ ಕೊಟ್ಟೆವು. ಕೊಡಬೇಕಾದುದನ್ನು ತಡೆಹಿಡಿದದ್ದು ನಮ್ಮ ತಪ್ಪು. ತಕರಾರು ಇರುವ ರಕಮನ್ನು ಬೇರೆ ಮಾಡಿ, ತಕರಾರಿಲ್ಲದ್ದನ್ನು ಸಕಾಲಕ್ಕೆ ಕಟ್ಟಲೇಬೇಕು. ಎಲ್ಲವನ್ನೂ ನಿಲ್ಲಿಸಿದರೆ ನ್ಯಾಯ ನಮ್ಮ ಕಡೆಗಿದ್ದರೂ ನಾವು ಬಾಕಿದಾರರಾಗುತ್ತೇವೆ. ಬಾಕಿದಾರನು ಕಾರ್ಯಕಾರಿ ಸಮಿತಿಗೆ ನಿಲ್ಲುವಂತಿಲ್ಲ. ಸೊಸೈಟಿಯವರು ಉಪನಿಬಂಧಕರ ಬಳಿ ಹೋಗಿ ವಸೂಲಿ ದಾಖಲೆ ತಂದರೆ, ಆ ಬಾಕಿಯನ್ನು ಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಮನೆತನದ ಹೆಸರು ಅಂಥ ಕಾಗದದ ಮೇಲೆ ಬರುವುದನ್ನು ಯಾವ ವ್ಯಾಪಾರಸ್ಥನೂ ಬಯಸುವುದಿಲ್ಲ.

ಸದಸ್ಯನ ಲಿಖಿತ ತಕರಾರನ್ನು ಸಮಿತಿ ತನ್ನ ಮುಂದಿನ ಸಭೆಯಲ್ಲಿ ವಿಚಾರ ಮಾಡಿ, ಆಮೇಲೆ 15 ದಿನಗಳೊಳಗೆ ನಿರ್ಣಯ ತಿಳಿಸಬೇಕೆಂದು ಉಪವಿಧಿ ಹೇಳುತ್ತದೆ. ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಮುಂದಿನ ಬಾಗಿಲುಗಳು ಇವೆ. ಬಿನ್‌ಭೋಗವಟಾ ಶುಲ್ಕ, ದಾಖಲೆಯ ನಕಲು ಕೊಡದಿರುವುದು, ಚೆಕ್ಕು ಸ್ವೀಕರಿಸದಿರುವುದು ಮುಂತಾದವಕ್ಕೆ ಸಹಕಾರಿ ಸಂಘಗಳ ಉಪನಿಬಂಧಕರು. ಸಭೆಯ ಠರಾವಿನ ಮೇಲಿನ ತಕರಾರು, ಹೆಚ್ಚಿನ ವಸೂಲಿ, ವಾಹನ ನಿಲ್ಲಿಸುವ ಜಾಗದ ವಾದ ಇಂಥವಕ್ಕೆ ಕಾಯ್ದೆಯ 91ನೆಯ ಕಲಮಿನಂತೆ ಸಹಕಾರಿ ನ್ಯಾಯಾಲಯ. ಯಾವ ತಕರಾರಿಗೆ ಯಾವ ಬಾಗಿಲು ಎಂಬುದು ಉಪವಿಧಿಯ ಪುಸ್ತಕದ ಕೊನೆಯ ಭಾಗದಲ್ಲೇ ಬರೆದಿದೆ. ತಪ್ಪು ಬಾಗಿಲು ತಟ್ಟಿದರೆ ವರ್ಷಗಳು ಹೋಗುತ್ತವೆ. ಆದ್ದರಿಂದ ಅಲ್ಲಿಗೆ ಹೋಗುವ ಮೊದಲು ಬಲ್ಲ ವಕೀಲರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಸಭೆಯಲ್ಲಿ ಕೇಳಿದ ಮಾತು

ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಸಮಿತಿಯವರು ಕಾಗದ ಓದಿ, ತಮ್ಮ ಕ್ರಮ ತಪ್ಪಿದ್ದನ್ನು ಒಪ್ಪಿಕೊಂಡರು. ಮೂರೂ ಸಾಲುಗಳನ್ನು ಬಿಲ್ಲಿನಿಂದ ತೆಗೆದರು. ಆದರೆ ಅದರ ಜೊತೆಗೇ, ಈ ಸಲ ಸರಿಯಾಗಿ, ಜಿನೆಯ ಕೆಳಗಿನ ಗಂಟುಗಳ ಬಗ್ಗೆ ಕಾರಣ ಕೇಳುವ ನೋಟೀಸು ಕೊಟ್ಟರು. ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ನಮ್ಮ ಮಾತು ಕೇಳುವುದೆಂದು ಬರೆದಿದ್ದರು.

ನಾವು ಗೆದ್ದ ಹುಮ್ಮಸ್ಸಿನಲ್ಲೇ ಸಭೆಗೆ ಹೋದೆವು. ಮಳೆ, ಸೋರುವ ಗೋದಾಮು, ಮಾಲಿನ ನಷ್ಟ ಎಲ್ಲವನ್ನೂ ಹೇಳಿದೆವು. ನಾವು ಕುಳಿತ ಮೇಲೆ ಎರಡನೆಯ ಮಜಲೆಯ ಒಬ್ಬ ಹಿರಿಯ ತಾಯಿ ಎದ್ದು ನಿಂತರು. ಅವರಿಗೆ ಮಂಡಿನೋವು. ಜಿನೆ ಇಳಿಯುವಾಗ ಕಠಡೆ ಹಿಡಿದೇ ಇಳಿಯಬೇಕು. ಕೆಳಗಿನ ಮೂರು ಮೆಟ್ಟಿಲುಗಳ ಹತ್ತಿರ ನಮ್ಮ ಗಂಟು ಕಠಡೆಗೆ ಒರಗಿದ್ದವು. ನವೆಂಬರಿನಲ್ಲಿ ಒಂದು ಸಂಜೆ ಕರೆಂಟು ಹೋದಾಗ ಅವರು ಅಲ್ಲಿ ಎಡವಿ ಬಿದ್ದಿದ್ದರಂತೆ. ಕೈಗೆ ಪೆಟ್ಟಾಗಿ ಹದಿನೈದು ದಿನ ಪಟ್ಟಿ ಕಟ್ಟಿಕೊಂಡಿದ್ದರಂತೆ. 'ನಿಮಗೆ ಕೆಟ್ಟ ಅನಿಸಬಾರದು ಅಂತ ಹೇಳಲಿಲ್ಲ' ಎಂದರು.

ಆ ಪಟ್ಟಿಯನ್ನು ನಾವು ನೋಡಿದ್ದೆವು. 'ಏನಾಯಿತು ತಾಯಿ' ಎಂದು ಕೇಳಿಯೂ ಇದ್ದೆವು. ಅವರು 'ಏನಿಲ್ಲ, ವಯಸ್ಸಾಯಿತು' ಎಂದಿದ್ದರು.

ಆಮೇಲೆ ನಮಗೆ ಮಾತನಾಡಲು ಏನೂ ಉಳಿಯಲಿಲ್ಲ. ಬೆಂಕಿ ಬಿದ್ದರೆ ಜಿನೆಯೊಂದೇ ಎಲ್ಲರಿಗೂ ದಾರಿ. ನಮ್ಮದು ಹತ್ತಿಯ ಮಾಲು, ಒಂದು ಕಿಡಿ ಸಾಕು. ನಿಯಮದ ಪುಸ್ತಕದಲ್ಲಿ ಸಮಿತಿಯ ತಪ್ಪನ್ನು ಹುಡುಕುತ್ತಿದ್ದ ನಾವು, ಅದೇ ಪುಸ್ತಕದಲ್ಲಿ ಜಿನೆ, ವರಾಂಡಗಳಲ್ಲಿ ಸಾಮಾನು ಇಡಬಾರದೆಂಬುದನ್ನು ಓದಿಯೂ ದಾಟಿಹೋಗಿದ್ದೆವು. ಹಿರಿಯರೇ ಎದ್ದು ನಿಂತು ಕೈ ಜೋಡಿಸಿದರು. ಕ್ಷಮಾವಣಿ ಮುಗಿದು ಹೆಚ್ಚು ದಿನಗಳಾಗಿರಲಿಲ್ಲ. ಆ ದಿನ ಊರಿಗೆಲ್ಲ ಕ್ಷಮೆ ಕೇಳಿದ್ದೆವು, ಕೇಳಬೇಕಾದವರನ್ನು ಬಿಟ್ಟಿದ್ದೆವು.

ಸಭೆ 2,000 ರೂ. ದಂಡ ಗೊತ್ತುಮಾಡಿತು. ಮರುದಿನವೇ ಚೆಕ್ಕು ಕೊಟ್ಟೆವು. ಗಂಟುಗಳನ್ನು ನೋಟೀಸು ಬಂದ ವಾರದಲ್ಲೇ ತೆಗೆದಿದ್ದೆವು, ಗೋದಾಮಿನ ಪತ್ರೆಯನ್ನೂ ಬದಲಿಸಿದೆವು. 16,255 ರೂ.ಗಳ ಜಾಗದಲ್ಲಿ ದಂಡ ಮತ್ತು ಬಡ್ಡಿ ಸೇರಿ ನಾವು ಕೊಟ್ಟದ್ದು 2,157 ರೂ. 50 ಪೈಸೆ. ಹಿರಿಯರು ಅದನ್ನು ಖಾತೆವಹಿಯಲ್ಲಿ ತಮ್ಮ ಕೈಯಾರೆ ಬರೆದರು. ಯಾವ ಬಾಬ್ತು ಎಂದು ಕೇಳಿದರೆ 'ನ್ಯಾಯವಾದದ್ದು' ಎಂದರು.

ಬೇರೆ ರಾಜ್ಯದ ಬಂಧುಗಳಿಗೆ

ಮೇಲೆ ಹೇಳಿದ ಅಂಕಿಗಳು ಮಹಾರಾಷ್ಟ್ರದವು. ಅಕ್ಕಲಕೋಟ, ಜತ್ತ, ಸೋಲಾಪುರದವರಿಗೆ ನೇರವಾಗಿ ಉಪಯೋಗ. ಬೇರೆ ಕಡೆ ಇರುವವರು 5,000 ರೂ.ಗಳ ಮಿತಿಯನ್ನು ಮುಂದಿಟ್ಟು ವಾದಿಸಬಾರದು. ಗೋವೆಯಲ್ಲಿ 2001ರ ಸಹಕಾರಿ ಸಂಘಗಳ ಕಾಯ್ದೆ ಇದೆ. ಕರ್ನಾಟಕದಲ್ಲಿ 1972ರ, ಕೇರಳದಲ್ಲಿ 1983ರ, ತಮಿಳುನಾಡಿನಲ್ಲಿ 2022ರ ಅಪಾರ್ಟ್‌ಮೆಂಟ್ ಒಡೆತನದ ಕಾಯ್ದೆಗಳಿವೆ. ಆಂಧ್ರದಲ್ಲಿ 1987ರ ಅಪಾರ್ಟ್‌ಮೆಂಟ್ ಕಾಯ್ದೆ ಇದೆ. ಹೊಸೂರಿನಲ್ಲಿ ಫ್ಲ್ಯಾಟು ಕೊಂಡವರಾಗಲಿ, ಮಕ್ಕಳ ನೌಕರಿಗಾಗಿ ಬೆಂಗಳೂರಿಗೆ ಹೋದವರಾಗಲಿ ತಮ್ಮ ಸಂಘದ ಉಪವಿಧಿಗಳನ್ನೇ ನೋಡಬೇಕು. ಮಹಾರಾಷ್ಟ್ರದಲ್ಲೂ ಕೆಲವು ಸೊಸೈಟಿಗಳು ಹಳೆಯ ಉಪವಿಧಿಗಳಲ್ಲೇ ನಡೆಯುತ್ತವೆ, ಸರ್ಕಾರವೂ ಕಾಲಕಾಲಕ್ಕೆ ನಿಯಮ ತಿದ್ದುತ್ತದೆ. ತಕರಾರು ಬರೆಯುವ ದಿನ ಜಾರಿಯಲ್ಲಿರುವುದು ಯಾವುದು ಎಂದು ವಿಚಾರಿಸಿಕೊಳ್ಳಿ.

ರಾಜ್ಯ ಯಾವುದಾದರೂ ಕೇಳಬೇಕಾದ ಪ್ರಶ್ನೆಗಳು ಇವೇ. ದಂಡ ಯಾವ ತಪ್ಪಿಗೆ? ಯಾವ ನಿಯಮದ ಪ್ರಕಾರ? ನಿರ್ಣಯ ಯಾರದು, ಅವರಿಗೆ ಆ ಅಧಿಕಾರ ಉಂಟೇ? ನಮಗೆ ತಿಳಿಸಿ, ನಮ್ಮ ಮಾತು ಕೇಳಿದರೇ? ಮೊತ್ತ ಮಿತಿಯೊಳಗೆ ಇದೆಯೇ? ಈ ಐದು ಮುಗಿದ ಮೇಲೆ ಆರನೆಯದೊಂದು ಪ್ರಶ್ನೆ ಉಂಟು. ಅದನ್ನು ಸೊಸೈಟಿಗೆ ಕೇಳುವುದಲ್ಲ, ನಮಗೇ ಕೇಳಿಕೊಳ್ಳುವುದು. ಆ ತಪ್ಪನ್ನು ನಾವು ಮಾಡಿದ್ದೇವೆಯೇ? ನಮ್ಮ ಅನುಭವದಲ್ಲಿ ಆ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡಿದ್ದರೆ ಉಳಿದ ಐದರ ಪ್ರಸಂಗವೇ ಬರುತ್ತಿರಲಿಲ್ಲ.

ಆ ತಾಯಿ ಈಗಲೂ ಸಂಜೆ ಕೆಳಗೆ ಇಳಿದು ಬರುತ್ತಾರೆ. ಕಠಡೆಯ ಆ ಮೂರು ಮೆಟ್ಟಿಲುಗಳ ಬಳಿ ಈಗ ಏನೂ ಇಲ್ಲ. ಅಲ್ಲೊಂದು ದೀಪ ಹಾಕಿಸಿದ್ದೇವೆ. ಕರೆಂಟು ಹೋದರೂ ಅದು ಉರಿಯುತ್ತದೆ.